ಪಕ್ಕದ ಮನೆಯ ಹಗ್ಗಕ್ಕೆ ಬಂದ ಸೂರಕ್ಕಿ

ಹಾವೇರಿಯ ಬಸ್ಸು ನಿಲ್ಲುವ ಮೊದಲೇ ಸೀಟು ಹಿಡಿಯಲು ಹಾರಿದವನು ಸೀಟು ಬಿಟ್ಟು ನೆಲ ಹಿಡಿದೆ. ಬಲಗಾಲಿಗೆ ಪ್ಲಾಸ್ಟರ್ ಬಿತ್ತು. ಕರ್ಜಗಿಯ ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೆ ಹೆಂಡತಿ ನನ್ನನ್ನು ಕುರ್ಚಿಯಲ್ಲಿ ಸಂಡಿಗೆಯಂತೆ ಒಣಗಲು ಹಾಕಿದಳು. ನೋಡಲು ಬಂದ ರಾಣೆಬೆನ್ನೂರಿನ ಭಾವಮೈದುನ ಒಂದು ದುರ್ಬೀನು ಕೊಟ್ಟ.

"ಹಕ್ಕಿ ನೋಡ್ಕೋತ ಕುಂದರ್ರಿ ಮಾವಾರ. ಅಕ್ಕನ ತಲಿ ತಿನ್ನೂದು ಬಿಡ್ರಿ."

ಸಂಕ್ರಾಂತಿ ಕಳೆದಿತ್ತು. ವರದಾ ನದಿ ತೆಳ್ಳಗಾಗಿತ್ತು, ಬೇವು ಎಲೆ ಉದುರಿಸುತ್ತಿತ್ತು. ಕೋಗಿಲೆ ಅರ್ಧ ಕೂಗಿ ನಿಲ್ಲಿಸಿ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಅದರ ಹೆಂಡತಿ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಬರುತ್ತಾಳೆ, ಗಂಡ ಮರದಲ್ಲಿ ಕೂತು ಹಾಡುತ್ತಾನೆ. ಇಂಥ ಸಂಸಾರಕ್ಕೆ ನಾವು ವಸಂತದೂತ ಎಂಬ ಬಿರುದು ಬೇರೆ ಕೊಟ್ಟಿದ್ದೇವೆ!

ಒಂದು ಬೆಳಿಗ್ಗೆ ಹೆಬ್ಬೆರಳಿನಷ್ಟು ದೊಡ್ಡ ಸೂರಕ್ಕಿಯೊಂದು ಕೊಕ್ಕಿನಲ್ಲಿ ನಾರು ಕಚ್ಚಿಕೊಂಡು ಪಕ್ಕದ ಮನೆಯ ಬಟ್ಟೆ ಹಗ್ಗಕ್ಕೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ನನ್ನ ದುರ್ಬೀನೂ ಅಲ್ಲೇ ನಾಟಿತು. ಪಕ್ಕದ ಮನೆಯಾಕೆ ಹೊಲಿಗೆಯವಳು, ನಾಲಿಗೆ ಸೂಜಿಗಿಂತ ಚೂಪು. ಕೆಲವು ದಿನ ತಡೆದುಕೊಂಡು, ಆಮೇಲೆ ಗೋಡೆಯ ಹತ್ತಿರ ಬಂದು ನನ್ನ ಹೆಂಡತಿಯನ್ನು ಕರೆದಳು.

"ಅಕ್ಕಾರ, ನಿಮ್ಮ ಯಜಮಾನ್ರದು ಕಾಲಷ್ಟ ಮುರದೈತೋ, ನಾಚಿಕೀನೂ ಮುರದೈತೋ? ದಿನಾ ನನ್ನ ಲಂಗಕ್ಕ ದುರ್ಬೀನ್ ಹಚ್ಚತಾರಲ್ಲ!"

"ಮದಲಿಂದ್ಲೂ ಹಂಗ ಬಿಡ್ರಿ," ಎಂದಳು ಹೆಂಡತಿ. ಆಕೆ ನನ್ನ ಪರ ವಹಿಸಿದ ರೀತಿ ಅದು.

"ಲಂಗ ಅಲ್ರೀ, ಅದರ ಬಾಜೂಕ ಹಕ್ಕಿ ಐತಿ. ಖರೇ! ನೀವ ನೋಡ್ರಿ," ಎಂದೆ.

ದುರ್ಬೀನು ಕಸಿದುಕೊಂಡು ಪಕ್ಕದ ಮನೆಯಾಕೆ ಮೊದಲು ತಿರುವುಮುರುವಾಗಿ ಹಿಡಿದಳು. "ಏನೈತಿ? ನನ್ನ ಮನೀನ ಬ್ಯಾಡಗಿಗೆ ಹೋಗೇತಿ!" ನಾನು ತಿರುಗಿಸಿಕೊಟ್ಟೆ. ಆಕೆ ಮತ್ತೆ ಕಣ್ಣಿಗೆ ಹಚ್ಚಿದಳು. ಹಗ್ಗದ ತುದಿಯಲ್ಲಿ ಜೇಡರಬಲೆ, ಒಣ ಎಲೆಗಳ ಪುಟ್ಟ ಚೀಲವೊಂದು ತೂಗುತ್ತಿತ್ತು. ನಡುವೆ ಕೆಂಪು, ಹಸಿರು ದಾರದ ಎಳೆಗಳು.

"ಅಯ್ಯ ಕಳ್ಳೀ, ನನ್ನ ದಾರ!" ಎಂದಳು, ಮಗಳನ್ನು ಬೈಯುವ ಧ್ವನಿಯಲ್ಲಿ.

ಅಂದಿನಿಂದ ಆಕೆಯ ಒದ್ದೆ ಬಟ್ಟೆಗಳೆಲ್ಲ ನಮ್ಮ ಹಿತ್ತಲಿಗೆ ಬಂದು ನನ್ನ ತಲೆಯ ಮೇಲೆ ಹಾರಾಡತೊಡಗಿದವು. ದುರ್ಬೀನು ಆಕೆಯ ಕೊರಳಿಗೆ ಹೋಯಿತು. ಮದುವೆಯ ಬ್ಲೌಸು ಕೇಳಲು ಬಂದವರಿಗೆ, "ಮರಿ ಹೊರಗ ಬರ್ಲಿ, ತಡೀರಿ," ಎಂದು ಹೇಳಿ ಕಳಿಸಿದಳು. ಬೆಕ್ಕಿಗೆ ಪೊರಕೆ ಬೀಸುತ್ತಿದ್ದಳು, ಕೆಮ್ಮಿದರೆ ನನಗೂ.

ನನ್ನ ಪ್ಲಾಸ್ಟರ್ ಬಿಚ್ಚಿಸಿಕೊಂಡು ಹಾವೇರಿಯಿಂದ ಮರಳಿದಾಗ ಗೂಡು ಖಾಲಿಯಾಗಿತ್ತು. ಆಕೆ ಮೆಟ್ಟಿಲ ಮೇಲೆ ಕೂತಿದ್ದಳು, ಕಣ್ಣು ಕೆಂಪಾಗಿದ್ದವು.

"ಹೋದ್ವು. ಒಂದು ಮರಿ ಬೇವಿಗೆ ಬಡಕೊಂಡು ಬಿತ್ತು, ಆಮ್ಯಾಲ ತಾನ ಎದ್ದು ಹಾರಿ ಹೋತು."

ಇಷ್ಟು ದಿನ ಕಾದು ಅದನ್ನೇ ತಪ್ಪಿಸಿಕೊಂಡೆನಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

"ನಿಮ್ಮ ಪಾಲಿಂದೂ ನಾನ ನೋಡೇನಿ ಬಿಡ್ರಿ," ಎಂದು ಆಕೆ ಎದ್ದಳು.

ಸಂಜೆ ಮೂವರೂ ಕುಂಟುತ್ತ ನದಿಗೆ ಹೋದೆವು. ಕುಂಟಿದವನು ನಾನೊಬ್ಬನೇ, ಅವರು ಜೊತೆಗೆ ನಿಧಾನ ನಡೆದರು. ದಂಡೆಯ ಮುತ್ತುಗ ಪೂರ್ತಿ ಹೂ ಬಿಟ್ಟಿತ್ತು. ಅದರ ಕೊಂಬೆಯಲ್ಲಿ ಮಿಂಚುಳ್ಳಿಯೊಂದು ಮೀನಿಗಾಗಿ ಕಾದು ಕೂತಿತ್ತು.