ಮೂವತ್ತೇಳರ ತೋಳಿಗೆ ಮೂರು ವರ್ಷ

ಮಾತು ತೆಗೆದವನು ಅವನೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೆಂಡತಿ ಒಪ್ಪುವುದಿಲ್ಲ. ‘ನೀವೇ ಶುರು ಮಾಡಿದ್ದು’ ಎನ್ನುತ್ತಾಳೆ. ಅವಳದೇ ನಿಜವಿರಬೇಕು, ನನಗೆ ಅನುಕೂಲವಾಗಿರುವ ನೆನಪುಗಳನ್ನು ನಾನು ನಂಬುವುದಿಲ್ಲ.

ಅವನು ಎಂದರೆ ಅಮೆರಿಕದ ಲಾಸ್ ಕೊಲಿನಾಸ್‌ನಲ್ಲಿದ್ದ ನಮ್ಮ ಆಫೀಸಿನ ಮ್ಯಾನೇಜರ್. ಮೈಸೂರಿನವನು. ನನಗಿಂತ ಬರೀ ಒಂಬತ್ತು ವರ್ಷ ಚಿಕ್ಕವನು, ಆದರೂ ಮೀಟಿಂಗಿನಲ್ಲೂ ಅಂಕಲ್ ಎಂದೇ ಕರೆಯುತ್ತಿದ್ದ. ನನಗಾಗ ಐವತ್ತರ ಹತ್ತಿರ, ಕಾಂಟ್ರಾಕ್ಟ್ ಆ ತಿಂಗಳು ಮುಗಿಯುವುದಿತ್ತು. ಇನ್ನೆರಡು ವರ್ಷ ಮುಂದುವರಿಸಿ ಎಂದು ಕೇಳಿದ್ದೆ. ಸೋಮವಾರ ಅವನು ಉತ್ತರ ಹೇಳಬೇಕಿತ್ತು. ಅದಕ್ಕೆ ಎರಡು ದಿನ ಮೊದಲು, ಶನಿವಾರ, ಪಕ್ಕದ ಊರು ಕಾಪೆಲ್‌ನ ಅವನ ಮನೆಗೆ ಊಟಕ್ಕೆ ಹೋಗಿದ್ದೆವು.

ಟಿವಿಯಲ್ಲಿ ಬೇಸ್‌ಬಾಲ್ ಚರ್ಚೆ. ಮೂವತ್ತೇಳು ವಯಸ್ಸಿನ ಒಬ್ಬ ಪಿಚರ್‌ಗೆ, ಎಂದರೆ ಚೆಂಡೆಸೆಯುವವನಿಗೆ, ನಮ್ಮ ಊರಿನ ತಂಡ ಮೂರು ವರ್ಷಕ್ಕೆ ಭಾರಿ ಹಣ ಸುರಿಯಬೇಕೇ? ಪರದೆಯ ಮೇಲೆ ಅವನು ಮೊಣಕೈಗೆ ಐಸ್ ಕಟ್ಟಿಕೊಂಡು ಕೂತಿದ್ದ. ನೋಡಿದ ಕೂಡಲೇ ಸಿಟ್ಟು ಬಂತು. ಪಾಪ ಎನಿಸಲಿಲ್ಲ, ಅದನ್ನು ಈಗ ಸೇರಿಸಿದರೆ ಸುಳ್ಳಾಗುತ್ತದೆ.

‘ದಂಡ,’ ಎಂದೆ. ‘ನೂರು ಬಾಲ್ ಹಾಕ್ತಾನೆ, ಆಮೇಲೆ ನಾಲ್ಕು ದಿನ ರೆಸ್ಟು. ನಮ್ಮ ಬೌಲರ್‌ಗಳು ಟೆಸ್ಟ್ ಮ್ಯಾಚಲ್ಲಿ ಸಂಜೆವರೆಗೂ ಹಾಕಿ ಮಾರನೇ ದಿನ ಮತ್ತೆ ಬರೋರು.’

ಮ್ಯಾನೇಜರನ ಮಗಳಿಗೆ ಹನ್ನೊಂದಿರಬೇಕು, ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದಳು. ‘ಅಂಕಲ್, ಇಟ್ಸ್ ನಾಟ್ ಕ್ರಿಕೆಟ್,’ ಎಂದಳು. ‘ಯಂಗ್ ಪ್ಲೇಯರ್ಸ್ ಎಲ್ಲ ಹಿಮ್ಮನ್ನೇ ಆಸ್ಕ್ ಮಾಡ್ತಾರೆ.’

‘ಕೇಳೋಕೆ ಕೋಚ್ ಇದಾನಲ್ಲ, ಪುಟ್ಟಾ.’

ಹೆಂಡತಿ ತಿವಿದಳು. ನಾನು ನಿಲ್ಲಿಸಲಿಲ್ಲ. ಮುದುಕನ ಪರ ಮಾತಾಡಿದರೆ ಎಲ್ಲರೂ ನನ್ನನ್ನೇ ನೋಡುತ್ತಾರೆಂಬ ಭಯ.

‘ನೀವಾಗಿದ್ರೆ ಏನ್ ಕೊಡ್ತಿದ್ರಿ ಅಂಕಲ್?’ ಎಂದ ಮ್ಯಾನೇಜರ್, ಮೊಸರು ಬಡಿಸುತ್ತಾ.

‘ಮೂರು ವರ್ಷ ಯಾಕ್ರೀ? ಮೂರು ತಿಂಗಳು ಕೊಡಿ. ತೋಳು ನಡೆದ್ರೆ ಇನ್ನೊಂದ್ ಮೂರು. ಹಳೇ ಹೆಸರು ನೋಡಿ ದುಡ್ಡು ಸುರಿಯೋದು ಬರೀ ಸೆಂಟಿಮೆಂಟು.’

‘ಸೂಪರ್ ಅಂಕಲ್! ಟಿವೀಲಿ ಕೂತಿರೋರಿಗಿಂತ ನೀವೇ ವಾಸಿ.’

ನಾನು ಉಬ್ಬಿಹೋದೆ. ವಾಪಸು ಬರುವಾಗ ಕಾರಿನಲ್ಲಿ ಶಿಳ್ಳೆ ಹಾಕಿದೆನಂತೆ.

ಸೋಮವಾರ ಅವನು ಕಾಗದ ಮುಂದಿಟ್ಟ. ಮೂರು ತಿಂಗಳು.

‘ಏನಿದು?’

‘ಬಜೆಟ್ ಟೈಟು ಅಂಕಲ್. ಆಮೇಲೆ ನೋಡೋಣ.’ ಪೆನ್ನು ನನ್ನ ಕಡೆ ಸರಿಸಿದ. ‘ಲಾಜಿಕ್ ನಿಮ್ದೇ ಅಲ್ವಾ?’

ಅವನು ನಕ್ಕನೋ ಇಲ್ಲವೋ ನೆನಪಿಲ್ಲ. ಒಂದೊಂದು ಸಲ ಹೇಳುವಾಗ ಒಂದೊಂದು ಥರ ಹೇಳಿದ್ದೇನೆ. ಆಫೀಸಿನ ಹಳೆಯ ಕಂಪ್ಯೂಟರ್ ಪ್ರೋಗ್ರಾಮು ಕೆಟ್ಟಾಗಲೆಲ್ಲ ಚಿಕ್ಕವರು ಬಂದು ಕೇಳುತ್ತಿದ್ದದ್ದು ನನ್ನನ್ನೇ. ಅದನ್ನು ಹೇಳಲು ಬಾಯಿ ತೆರೆದೆ. ಅದಕ್ಕೂ ಉತ್ತರವನ್ನು ಶನಿವಾರ ಆ ಹುಡುಗಿಗೆ ನಾನೇ ಕೊಟ್ಟಿದ್ದೆ. ಸಹಿ ಹಾಕಿದೆ.

ಪಿಚರ್‌ಗೆ ಕೇಳಿದಷ್ಟೂ ಸಿಕ್ಕಿತು, ಮೂರು ವರ್ಷವೂ. ಮೊದಲ ಆಟದಲ್ಲೇ ಚೆನ್ನಾಗಿ ಹೊಡೆಸಿಕೊಳ್ಳಲಿ ಎಂದು ಟಿವಿ ಮುಂದೆ ಕೂತೆ. ಹೊಡೆಸಿಕೊಳ್ಳಲಿಲ್ಲ. ಮಧ್ಯದಲ್ಲಿ ತಂಡದ ಒಬ್ಬ ಎಳೆ ಆಟಗಾರ ಹತ್ತಿರ ಬಂದು ಏನೋ ಕೇಳಿದ. ಪಿಚರ್ ಬೆರಳುಗಳನ್ನು ಚೆಂಡಿನ ಮೇಲೆ ಇಟ್ಟು ತೋರಿಸಿದ. ರಿಮೋಟ್ ಸೋಫಾದ ಕಡೆಗೆ ಎಸೆದೆ. ಗುರಿ ತಪ್ಪಿ ಗೋಡೆಗೆ ಬಡಿಯಿತು.