ಬದಲಿಗೆ ನಿಂತವರು

ಮೊಮ್ಮಗಳಿಗೆ ಐರೋಲಿಯ ಒಂದು ಕಂಪನಿಯಲ್ಲಿ ಎಚ್‌ಆರ್ ಕೆಲಸ ಸಿಕ್ಕಿದಾಗ ಮುಂಬಯಿ ಕಡೆಯ ಠಾಕುರ್ಲಿಯ ನಮ್ಮ ಬಿಲ್ಡಿಂಗಿನಲ್ಲಿ ಆ ಸುದ್ದಿ ಹೇಳದೆ ನಾನು ಬಿಟ್ಟ ಮನೆಯಿಲ್ಲ. ಎಚ್‌ಆರ್ ಅಂದರೆ ಏನೆಂದು ಯಾರಾದರೂ ತಿರುಗಿ ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲಿನದ್ದೆಲ್ಲ ಹೋಟೆಲಿನ ದೋಸೆ ಕಾವಲಿಯ ಮುಂದೆ.

ಕಂಪನಿಗೆ ಹೊಸದಾಗಿ ಸೇರುವ ಸಫಾಯಿಯವರಿಗೆ, ಕ್ಯಾಂಟೀನಿನವರಿಗೆ ಆಫೀಸಿನ ಶಬ್ದಗಳನ್ನು ಬಿಡಿಸಿ ಹೇಳುವ ಕೆಲಸ ಅವಳ ಪಾಲಿಗೆ ಬಂತು. ಒಂದು ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ನನ್ನ ಎದುರು ಕೂತಳು.

"ಅಜ್ಜ, ನಿಮಗೆ ತಿಳಿದ್ರೆ ಸಬ್‌ಕೋ ತಿಳಿತದೆ."

"ಅಂದ್ರೆ ನನ್ನಷ್ಟು ದಡ್ಡ ಬೇರೆ ಇಲ್ಲ ಅಂತ."

"ಅರೇ, ಹಾಗಲ್ಲ. ಸುನೋ. ಪ್ರೊಬೇಷನ್ ಅಂದ್ರೆ ಆರು ತಿಂಗಳು ನಿಮ್ಮ ಕೆಲಸ ನೋಡ್ತಾರೆ. ಸರಿ ಉಂಟಂತ ಕಂಡ್ರೆ ಕಾಯಂ."

"ನಮ್ಮಲ್ಲಿ ಮೂರೇ ದಿನ. ಮೂರನೇ ದಿನ ಧಣಿ ಊಟಕ್ಕೆ ಕೂತ್ಕೋ ಅಂದ್ರೆ ಕಾಯಂ. ಚೀಲ ಎಲ್ಲಿಟ್ಟಿದ್ದೀ ಅಂತ ಕೇಳಿದ್ರೆ ಮುಗೀತು."

ಅದನ್ನು ಅವಳು ಬರೆದುಕೊಂಡಳು. ನೋಟಿಸ್ ಪೀರಿಯಡ್ ಅಂದರೆ ಬಿಡುತ್ತೇನೆ ಎಂದು ತಿಳಿಸಿದ ಮೇಲೂ ದುಡಿಯಬೇಕಾದ ದಿನಗಳು. ಹ್ಯಾಂಡೋವರ್ ಅಂದರೆ ಹೋಗುವವನು ಬರುವವನಿಗೆ ಕೆಲಸ ತಿಳಿಸಿಕೊಡುವುದು. ಗ್ರೀವನ್ಸ್ ಅಂದರೆ ದೂರು, ಬರೆದು ಕೊಟ್ಟರೆ ಅವರು ಓದಲೇಬೇಕು. ನಾವು ನಮ್ಮ ದೂರನ್ನೆಲ್ಲ ದೋಸೆ ಹಿಟ್ಟಿಗೆ ಹೇಳುತ್ತಿದ್ದೆವು ಎಂದೆ. ನಕ್ಕಳು.

"ಇನ್ನು ಲೀವ್ ಕವರ್. ಒಬ್ಬರು ರಜೆ ಹೋದ್ರೆ ಅವ್ರ ಜಾಗದಲ್ಲಿ ಇನ್ನೊಬ್ಬರು. ಅವ್ರು ವಾಪಸ್ ಬಂದ್ರೆ ಇವ್ರು ಹೊರಗೆ."

"ಬದಲಿ."

"ಹಾಂ, ಬದಲಿ. ನಾನೂ ಅದೇ, ಅಜ್ಜ."

ಅದು ನನಗೆ ಗೊತ್ತಿರಲಿಲ್ಲ. ಅವಳು ಕೂತಿದ್ದ ಕುರ್ಚಿ ಹೆರಿಗೆ ರಜೆಗೆ ಹೋದ ಕಾಮೋಠೆಯ ಒಬ್ಬ ಹೆಂಗಸಿನದು. ಮುಂದಿನ ತಿಂಗಳು ಆಕೆಯ ರಜೆ ಮುಗಿಯುತ್ತದೆ. ಮಗು ಸಣ್ಣದು, ದಾರಿ ದೂರ. ಬರಲೋ ಬಿಡಲೋ ಎಂಬ ಯೋಚನೆಯಲ್ಲಿದ್ದಾಳೆ. ತನ್ನ ಜಾಗ ಇದೆಯಾ ಎಂದು ಕೇಳಲು ನಾಳೆ ಇವಳಿಗೆ ಫೋನ್ ಮಾಡುತ್ತಾಳಂತೆ.

"ನಿಯಮದಲ್ಲಿ ಜಾಗ ಅವ್ರದ್ದೇ. ಆದ್ರೆ ಅವ್ರಾಗಿ ಬಿಟ್ರೆ ನಾನು ಕಾಯಂ, ಮ್ಯಾನೇಜರ್ ಹೇಳಿದ್ದಾರೆ. ನಾನು ಸುಳ್ಳು ಹೇಳ್ಬೇಕಂತ ಇಲ್ಲ ಅಜ್ಜ. ಕೇಳಿ ಹೇಳ್ತೇನೆ ಅಂತ ಸುಮ್ಮನಾದ್ರೆ ಸಾಕು. ಅವ್ರೇ ಬಿಡ್ತಾರೆ."

ಸುಮ್ಮನಿರು ಎನ್ನಲು ನನ್ನ ಬಾಯಿ ತೆರೆದಿತ್ತು. ಅವಳಿಗೆ ಕಾಯಂ ಆಗಲಿ ಎಂದು ನನಗಿಂತ ಹೆಚ್ಚು ಬಯಸಿದವರು ಯಾರು? ಆದರೆ ಬೇರೆ ಮಾತು ಹೊರಗೆ ಬಂತು.

ನಮ್ಮ ಕಾಲದಲ್ಲಿ ಹೋಟೆಲಿನವನು ಊರಿಗೆ ಹೋಗುವುದಾದರೆ ತನ್ನ ಬದಲಿಯನ್ನು ತಾನೇ ಹುಡುಕಿ ನಿಲ್ಲಿಸಿ ಹೋಗಬೇಕು. ಇಲ್ಲೇ ಹತ್ತಿರದ ಕಲ್ಯಾಣದ ಒಂದು ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದ ನಮ್ಮ ಪಕ್ಕದೂರಿನವರೊಬ್ಬರು, ತಂಗಿಯ ಮದುವೆಗೆಂದು ಎರಡು ತಿಂಗಳು ಹೊರಟಾಗ ನನ್ನನ್ನು ನಿಲ್ಲಿಸಿದರು. ನನಗಾಗ ಮದುವೆಯಾಗಿತ್ತು, ಕೈಯಲ್ಲಿ ಕೆಲಸ ಇರಲಿಲ್ಲ. ಒಂದು ವಾರ ಪಕ್ಕದಲ್ಲೇ ನಿಂತು ಹಿಟ್ಟಿನ ಹದ, ಉರಿಯ ಹದ ಎಲ್ಲ ಕಲಿಸಿದರು.

ಅವರು ವಾಪಸ್ ಬಂದಾಗ ನಾನು ದೋಸೆ ಮಗುಚುತ್ತಿದ್ದೆ. ಚೀಲ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಧಣಿ ಅವರಿಗೆ, "ಗಿರಾಕಿಗೆ ಇವನ ಕೈ ಹಿಡಿಸಿದೆ, ನೀನು ಬೇರೆ ಕಡೆ ನೋಡು" ಎಂದರು. ಅವರು ನನ್ನನ್ನು ನೋಡಿದರು. ಜಾಗ ಅವರದು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

"ಕಾವಲಿ ಕಾದದ್ದು ಜಾಸ್ತಿಯಾಗಿದೆ, ನೀರು ಚಿಮುಕಿಸು," ಎಂದು ಹೇಳಿ ಹೋದರು.

ನಾನು ನೀರು ಚಿಮುಕಿಸಿದೆ. ಅಂದು ಏನೂ ಅನಿಸಲಿಲ್ಲ. ಆಮೇಲೂ ಅನಿಸಲಿಲ್ಲ. ಸುಟ್ಟು ಸುಟ್ಟು ದಪ್ಪಗಾದ ಬೆರಳಿಗೆ ಬಿಸಿ ತಿಳಿಯುವುದಿಲ್ಲ. ಆ ಕಾವಲಿಯ ಮುಂದೆಯೇ ಮನೆ ಮಾಡಿದೆ, ಮಕ್ಕಳನ್ನು ಓದಿಸಿದೆ. ಮೊಮ್ಮಗಳಿಗೆ ಹೇಳುವಾಗಲೂ ಬೇರೆ ಯಾರದೋ ಸುದ್ದಿ ಹೇಳಿದ ಹಾಗಿತ್ತು.

"ಮತ್ತೆ ಅವ್ರು ಎಲ್ಲಿಗೆ ಹೋದ್ರು?"

"ಗೊತ್ತಿಲ್ಲ."

"ನೀವು ಕೇಳ್ಲಿಲ್ವಾ?"

"ಇಲ್ಲ."

ಅವಳು ನೋಟ್‌ಬುಕ್ ಮುಚ್ಚಿ ಒಳಗೆ ಹೋದಳು. ಅವಳ ಕೆಲಸವನ್ನು ನಾನೇ ಕಳೆದೆನೋ ಏನೋ ಎಂದು ಕೂತೇ ಇದ್ದೆ. ಮಧ್ಯಾಹ್ನ ಊಟಕ್ಕೆ ಏನು ಬಡಿಸಿದ್ದರು ಎಂಬುದೂ ನೆನಪಿಲ್ಲ.

ಮರುದಿನ ಅವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಫೋನ್ ಬಂತು. ಮಾತು ಮರಾಠಿಯಲ್ಲಿ ನಡೆಯಿತು, ನನಗೆ ತಿಳಿಯುತ್ತದೆ. ಆಚೆಯವಳು ಏನೋ ಉದ್ದಕ್ಕೆ ಹೇಳಿದಳು. ಇವಳು ಒಂದೇ ಚಪ್ಪಲಿಯಲ್ಲಿ ನಿಂತು ಕೇಳಿದಳು.

"ಇಲ್ಲ ಅಕ್ಕ, ಕೇಳುವುದೇನೂ ಇಲ್ಲ. ಜಾಗ ನಿಮ್ಮದೇ. ಇವತ್ತೇ ಬರವಣಿಗೆಯಲ್ಲಿ ಕಳಿಸ್ತೇನೆ. ನೀವು ಬನ್ನಿ," ಎಂದಳು.

ಫೋನ್ ಇಟ್ಟು, "ಅಜ್ಜ, ನನ್ನ ಲೋಕಲ್ ಗಾಡಿ ಹೋಯ್ತು," ಎಂದಳು. ನಾನು ಎದ್ದೆ. ಕಾಲು ಜೋಮು ಹಿಡಿದಿತ್ತು, ನೆಲ ತಿಳಿಯಲಿಲ್ಲ. ಸಂತೋಷ ಅಂದರೆ ಹೀಗೂ ಇರುತ್ತದೆ ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಎಷ್ಟು ಬಂತೆಂದರೆ ನಗಲಿಕ್ಕೂ ಆಗಲಿಲ್ಲ, ಅಳಲಿಕ್ಕೂ ಆಗಲಿಲ್ಲ.

ಈಗ ಅವಳು ಮನೆಯಲ್ಲಿದ್ದಾಳೆ, ಬೇರೆ ಬೇರೆ ಕಡೆ ಅರ್ಜಿ ಹಾಕುತ್ತಾಳೆ. ನಿನ್ನೆ ಒಂದು ಫಾರ್ಮ್ ತುಂಬುತ್ತಿದ್ದಳು. ಹಿಂದಿನ ಕೆಲಸ ಬಿಟ್ಟ ಕಾರಣ ಎಂದು ಅದರಲ್ಲೊಂದು ಸಾಲು ಇರುತ್ತದಂತೆ. ಏನು ಬರೆದೆ ಎಂದು ಕೇಳಿದೆ.

"ಜಾಗದವರು ವಾಪಸ್ ಬಂದ್ರು ಅಂತ ಬರ್ದಿದ್ದೇನೆ."

"ಇನ್ನೊಮ್ಮೆ ಓದು ಮಗಾ," ಎಂದೆ.

ಓದಿದಳು.