ಗುತ್ತಲದವಳಿಗೊಂದು ಎಡೆ

ಬ್ಯಾಡಗಿಯ ನಮ್ಮ ಮನೆಯಲ್ಲಿ ನನ್ನ ಕಾದಂಬರಿಗಳನ್ನು ಎಲ್ಲರಿಗಿಂತ ಮೊದಲು ಕೇಳುತ್ತಿದ್ದವರು ನನ್ನ ಅತ್ತೆ. ಕಣ್ಣಿಗೆ ಪೊರೆ ಬಂದ ಮೇಲೆ ಅವರಿಗೆ ಓದಲಾಗುತ್ತಿರಲಿಲ್ಲ. ನಾನು ರಾಣೇಬೆನ್ನೂರಿನ ಕಾಲೇಜಿನಿಂದ ಸಂಜೆ ಬಸ್ಸಿಗೆ ಬಂದು, ಮುಖ ತೊಳೆದು, ಬರೆದಷ್ಟನ್ನು ಓದಬೇಕು. ಅವರು ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೇಳಬೇಕು. ಸುಮ್ಮನೆ ಕೇಳುವ ಪೈಕಿಯೂ ಅಲ್ಲ. "ಆಕಿ ಗಂಡಗ ಬುದ್ಧಿ ಐತೇನು? ಎದರಿಗಿದ್ರ ನಾಕು ಬಡೀತಿದ್ದೆ ನೋಡು" ಎಂದು ಪಾತ್ರಗಳ ಜೊತೆ ಜಗಳಕ್ಕೇ ನಿಲ್ಲುತ್ತಿದ್ದರು.

ನಾನು ಅರ್ಧಕ್ಕೆ ಬಿಟ್ಟ ಕಾದಂಬರಿಯಲ್ಲಿ ಗುತ್ತಲದ ಕಡೆಯ ಒಬ್ಬ ಹೆಂಗಸಿದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬರೆಯುತ್ತ ಬರೆಯುತ್ತ ಅವಳು ನನ್ನ ಮಾತು ಕೇಳುವುದನ್ನೇ ಬಿಟ್ಟಳು. ನಾನು ಒಂದು ಅಂದುಕೊಂಡರೆ ಅವಳು ಇನ್ನೊಂದು ಮಾಡುವಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ದಿನ ಅವಳು ತುಂಗಭದ್ರೆಗೆ ಹಾರಿ ಸತ್ತಳು ಎಂದು ಬರೆದು ಅಧ್ಯಾಯ ಮುಗಿಸಿಬಿಟ್ಟೆ. ಅದನ್ನು ಓದಿದ ಸಂಜೆ ಅತ್ತೆ ಮಡಿಲಲ್ಲಿದ್ದ ಕಾಯಿಗಳನ್ನು ಮೊರಕ್ಕೆ ಸುರಿದು, ಬಚ್ಚಲಿಗೆ ಹೋಗಿ ತಲೆ ಮೇಲೆ ನೀರು ಹಾಕಿಕೊಂಡು ಬಂದರು. ಹತ್ತಿರದವರು ಸತ್ತ ಸುದ್ದಿ ಬಂದರೆ ಅವರು ಹಾಗೆ ಮಾಡುತ್ತಿದ್ದರು.

ಅಲ್ಲಿಂದ ಮುಂದೆ ನನಗೆ ಒಂದು ಸಾಲೂ ಬರಲಿಲ್ಲ. ವರ್ಷಗಳೇ ಹೋದವು. ಮೇಜಿಗೆ ಕುಳಿತರೆ ಬೆನ್ನ ಹಿಂದೆ ಯಾರೋ ನಿಂತು ಹಾಳೆ ನೋಡುತ್ತಿದ್ದಾರೆ ಅನ್ನಿಸುವುದು. ತಿರುಗಿದರೆ ಬರೀ ಗೋಡೆ. ಒಮ್ಮೊಮ್ಮೆ ಹೊಳೆದಂಡೆಯ ಹಸಿ ಮಣ್ಣಿನ ವಾಸನೆ ಬರುವುದು. ಊರಿಗೆ ಊರೇ ಮೆಣಸಿನಕಾಯಿ ಘಾಟಿಗೆ ಸೀನುತ್ತಿರುವಾಗ, ಶಿವರಾತ್ರಿ ಹೊತ್ತಿನ ಬಿಸಿಲಿನಲ್ಲಿ! ಹೆದರಿಕೆ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮೇಜು ತಿರುಗಿಸಿ ಗೋಡೆಗೆ ಬೆನ್ನು ಹಚ್ಚಿ ಕುಳಿತೆ. ಆಗ ಅದು ಎದುರಿನ ಕಿಟಕಿಯ ಹೊರಗೆ ಹೋಗಿ ನಿಂತಿತು.

ಈ ನಡುವೆ ಹಾವೇರಿಯಲ್ಲಿ ನನಗೊಂದು ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಕೊರಳಿಗೆ ಗಂಧದ ಹಾರ. ಮಾತಾಡಿದವರೆಲ್ಲ "ಬರೆಯುತ್ತಿದ್ದರು", "ಅವರ ಭಾಷೆ ಹೀಗಿತ್ತು" ಎಂದೇ ಹೇಳಿದರು. ಎದುರಿಗೇ ಕುಳಿತಿದ್ದೇನಲ್ಲ ಮಾರಾಯರೇ ಎಂದು ಕೂಗಬೇಕೆನಿಸಿತು. ಮನೆಗೆ ಬಂದವಳೇ ಗಂಡನಿಗೆ, "ಇನ್ನ ನಾ ಬರಿಯೂದಿಲ್ರಿ. ಆ ಮೇಜು ಒಯ್ದು ನಿಮ್ಮ ಅಂಗಡ್ಯಾಗ ಇಟಗೋರಿ" ಎಂದೆ. ಹೇಳಿ ಅತ್ತುಬಿಟ್ಟೆ. ಬರೆಯದಿದ್ದರೆ ನಾನು ಯಾರು ಅನ್ನುವುದೇ ನನಗೆ ತಿಳಿಯದಂತಾಗಿತ್ತು. ಅವರು ಪಾಪ, "ಅಮಾಸಿ ಮುಗೀಲಿ, ಒಯ್ತೇನಿ" ಎಂದರು.

ಅದು ಮಹಾನವಮಿ ಅಮಾವಾಸ್ಯೆ. ಅಂದು ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ದೇವರ ಕೋಣೆಯಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದು ತಾಟು, ಅದರಲ್ಲಿ ಹೋಳಿಗೆ, ಪಲ್ಯ, ನಡುವೆ ಅನ್ನದ ಗುಡ್ಡೆ. ಗುಡ್ಡೆಯ ತುದಿಯಲ್ಲಿ ಕುಳಿ ಮಾಡಿ ತುಪ್ಪ ತುಂಬಿ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕುಳಿತುಕೊಳ್ಳಬೇಕು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆರೆಯಬೇಕು. ಕುಳಿ ಒಡೆದು ತುಪ್ಪ ಹರಿದಿದ್ದರೆ ಹಿರಿಯರು ಬಂದು ಕೈ ಹಚ್ಚಿದ್ದಾರೆ ಎಂದು ಲೆಕ್ಕ.

ಆ ವರ್ಷ ಮಾವನವರಿಗೆ, ಅವರ ತಂದೆತಾಯಿಗೆ ಬಡಿಸಿದ ಮೇಲೆ ಅತ್ತೆ ಇನ್ನೊಂದು ತಾಟು ತಂದಿಟ್ಟರು.

"ಇದ್ಯಾರಿಗ್ರಿ ಅತ್ತಿ?"

"ಗುತ್ತಲದಾಕಿಗೆ."

ನನ್ನ ಗಂಡ ಬಿದ್ದು ಬಿದ್ದು ನಕ್ಕರು. "ಯವ್ವಾ, ಆಕಿ ಕತಿಯಾಗಿನಾಕಿ!"

"ಕತಿಯಾಗಿನಾಕಿ ಆದ್ರ ಆತು. ನಮ್ಮ ಮನ್ಯಾಗ ಇದ್ದು ಸತ್ತಾಳಲ್ಲ? ಯಾರರ ಒಂದು ತುತ್ತು ಇಟ್ಟೀರೇನು?" ಎಂದು ಗದರಿಸಿ, ನನ್ನ ಕಡೆ ತಿರುಗಿದರು. "ಆಕಿಗೆ ಏನ್ ಸೇರ್ತಿತ್ತವಾ?"

ನಾನು ಅದನ್ನು ಎಲ್ಲೂ ಬರೆದಿರಲಿಲ್ಲ, ಯೋಚಿಸಿರಲೂ ಇಲ್ಲ. ಆದರೆ ಬಾಯಿ ತಾನೇ ತೆರೆದು, "ಅಂಚು ಹೊತ್ತಿದ ಜ್ವಾಳದ ರೊಟ್ಟಿ" ಎಂದಿತು. ಹಬ್ಬದ ದಿನ ರೊಟ್ಟಿಗೆಂದು ಒಲೆಯ ಮೇಲೆ ಹಂಚು ಇಡುವ ರೂಢಿ ನಮ್ಮಲ್ಲಿಲ್ಲ. ಅತ್ತೆ ಇಟ್ಟರು. ತಡಕಾಡುತ್ತಲೇ ಒಂದು ರೊಟ್ಟಿ ಬಡಿದು, ಬೇಕೆಂದೇ ಅಂಚು ಕಪ್ಪು ಮಾಡಿದರು.

ಬಾಗಿಲು ಹಾಕಿ ಕಟ್ಟೆಗೆ ಬಂದು ಕುಳಿತೆವು. ನಡು ಮಧ್ಯಾಹ್ನ. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಒಳಗಿನಿಂದ ಏನೂ ಕೇಳಿಸಲಿಲ್ಲ, ಆದರೂ ಮೂವರೂ ಕಿವಿಗೊಟ್ಟೇ ಕುಳಿತಿದ್ದೆವು. ನಕ್ಕಿದ್ದ ನನ್ನ ಗಂಡನೂ.

ಅತ್ತೆ ಕೆಮ್ಮಿದರು, ಬಾಗಿಲು ತೆರೆದರು. ಒಂದೊಂದೇ ತಾಟಿಗೆ ಮುಖ ಹಚ್ಚಿ ನೋಡಿದರು. ಮಾವನವರ ತಾಟಿನಲ್ಲಿ ತುಪ್ಪ ಹರಿದಿತ್ತು. ಉಳಿದಿಬ್ಬರದರಲ್ಲೂ ಹರಿದಿತ್ತು. ಗುತ್ತಲದವಳ ತಾಟಿನಲ್ಲಿ ಮಾತ್ರ ಕುಳಿ ಕುಳಿಯಾಗೇ ಇತ್ತು. ತುಪ್ಪ ಅಲುಗದೆ ನಿಂತಿತ್ತು. ಒಂದೇ ಪಾತ್ರೆಯ ಅನ್ನ, ಒಂದೇ ಗಿಂಡಿಯ ತುಪ್ಪ, ಬಡಿಸಿದವಳು ನಾನೇ.

"ಅನ್ನ ಆರಿದ್ರ ಕುಸೀತೈತಿ, ಒಂದೊಂದು ಕುಸಿಯೂದಿಲ್ಲ" ಎಂದರು ನನ್ನ ಗಂಡ. ಆದರೆ ದನಿಯಲ್ಲಿ ಜೋರಿರಲಿಲ್ಲ.

ಅತ್ತೆ ಆ ತಾಟನ್ನು ತಮ್ಮ ಕಡೆಗೆ ಎಳೆದುಕೊಂಡರು. "ಅಯ್ಯ ಶಿವನ! ಆಕಿ ಬಂದಿಲ್ಲ. ಸತ್ತಿದ್ರ ಬರ್ತಿದ್ಲು. ಜೀವಂತ ಇದ್ದಾಕಿಗೆ ಎಡಿ ಇಟ್ವಲ್ಲಾ!" ಬದುಕಿರುವವರಿಗೆ ಎಡೆ ಇಡುವುದಕ್ಕಿಂತ ದೊಡ್ಡ ಕೆಡುಕು ಅವರ ಪಾಲಿಗೆ ಇರಲಿಲ್ಲ. ಹಿರಿಯರ ತಾಟಿನದನ್ನು ನಾವು ಪ್ರಸಾದವೆಂದು ಉಂಡೆವು. ಅವಳದನ್ನು ಯಾರಿಗೂ ಮುಟ್ಟಗೊಡದೆ ಅಡುಗೆಮನೆಯಲ್ಲಿ ಮುಚ್ಚಿಟ್ಟರು. "ಇದು ಆಕಿ ಪಾಲು. ಆಕಿನ ಬಂದು ಉಣ್ಣಬೇಕು. ಎಲ್ಲಿದಾಳ ಲಗೂ ನೋಡವಾ" ಎಂದು ನನ್ನ ಮೊಣಕೈ ಹಿಡಿದು ಅಲುಗಿಸಿದರು.

ಮೇಜಿಗೆ ಹೋದೆ. ಹೊಳೆಯ ಆ ದಂಡೆಗೆ, ಜಾಲಿ ಗಿಡದ ಬುಡಕ್ಕೆ ಅವಳು ಏಳುತ್ತ ಬೀಳುತ್ತ ಹತ್ತಿದ್ದಳು. ಸೀರೆ ಹಿಂಡುತ್ತ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಬೈದದ್ದನ್ನೆಲ್ಲ ಬರೆದುಕೊಂಡೆ. ಕೈ ನೋಯುತ್ತಿತ್ತು, ನಿಲ್ಲಿಸಲು ಭಯ. ಅವಳು ಎದ್ದು ಕಾಗಿನೆಲೆಯ ಬಸ್ಸು ಹತ್ತಿದ ಮೇಲೆಯೇ ನಾನು ತಲೆಯೆತ್ತಿದ್ದು. ದೀಪ ಹಚ್ಚುವ ಹೊತ್ತಾಗಿತ್ತು.

ಎಂಥ ಹಸಿವು ಅಂತೀರಿ! ಯಾರೋ ಕೈ ಹಿಡಿದು ಒಯ್ದಂತೆ ಅಡುಗೆಮನೆಗೆ ಹೋದೆ. ಕತ್ತಲಲ್ಲೇ ಮುಚ್ಚಿಟ್ಟ ತಾಟು ತೆರೆದು, ರೊಟ್ಟಿಯ ಕರಿ ಅಂಚು ಮುರಿದು ಬಾಯಿಗೆ ಹಾಕಿಕೊಂಡೆ. ಹೊತ್ತಿದ ರೊಟ್ಟಿ ನನಗೆ ಎಂದೂ ಸೇರಿದ್ದಲ್ಲ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಆ ಕಣ್ಣಿಗೆ ಏನು ಕಂಡಿತೋ.

"ಬಂದ್ಯೇನವಾ?" ಎಂದರು.

"ಹೂಂ, ಬಂದೇನ್ರಿ" ಎಂದೆ. ದನಿ ನನ್ನದಾಗಿರಲಿಲ್ಲ.